ಚಂದ್ರನ ಮೇಲಿದ್ದ ನನ್ನ ಗೆರೆ

ಹೊಸ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಗಾಜಿನ ಧೂಳು ಹೋಗಲೆಂದು ರಬ್ಬರ್ ಬಲ್ಬ್ ಒತ್ತಿ ಗಾಳಿ ಊದುತ್ತಿದ್ದೆ. ದೇವರ ಮನೆಯಿಂದ ವಿಭೂತಿಯ ವಾಸನೆ ಬಂತು. ಚಿಕ್ಕಂದಿನ ಬಾಣಾವರದ ಮನೆ ನೆನಪಾಯಿತು.

ಅಪ್ಪ ವಿಜ್ಞಾನದ ಮೇಷ್ಟ್ರು. ಅವರ ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಗಾಜು ಮಸುಕಾಗಿದೆಯೆಂದು, ಅಮ್ಮ ಬೆಳ್ಳಿ ದೀಪ ಬೆಳಗುವ ಹಾಗೆ ನಾನೂ ವಿಭೂತಿ ಹಾಕಿ ತಿಕ್ಕಿಬಿಟ್ಟೆ. ಗಾಜಿಗೆ ಗೆರೆ ಬಿತ್ತು. ಅಪ್ಪ ಮೂರನೆಯ ದಿನ ಹತ್ತಿರ ಕರೆದು, "ಧೂಳನ್ನ ತಿಕ್ಕಬಾರ್ದು ಕಣೇ, ಊದಿ ಕಳಿಸ್ಬೇಕು," ಅಂದರು.

ಆಮೇಲೆ ಸಂಜೆ ಚಂದ್ರನನ್ನು ನೋಡಲು ಬಂದ ನೆರೆಯವರಿಗೆಲ್ಲ ಅವರದು ಒಂದೇ ಮಾತು: "ಆ ಗೆರೆ ಚಂದ್ರಂದಲ್ಲ ಕಣ್ರೀ, ನಮ್ ಮಗಳ್ದು."

ಅಪ್ಪ ಈಗಿಲ್ಲ, ಆ ಟೆಲಿಸ್ಕೋಪೂ ಇಲ್ಲ. ಇವತ್ತು ಸಂಜೆ ಹೊಸ ಗಾಜಿನಲ್ಲಿ ಚಂದ್ರನನ್ನು ನೋಡಿದೆ. ಒಂದು ಗೆರೆಯೂ ಇರಲಿಲ್ಲ. ಬೇರೆ ಯಾರದೋ ಮನೆಯ ಚಂದ್ರನನ್ನು ನೋಡಿದಂತಾಯಿತು.