ಬಟ್ಟೆ ಒಗೆದವಳ ಸಾಕ್ಷಿ

ನಮ್ಮ ಎಲ್ಮ್ ಫೋರ್ಕ್ ಊರಿನಲ್ಲಿ ಆಲ್ವೀನಾ ಟಾರ್ಕೆಲ್ಸನ್ ಅವರಷ್ಟು ಸಂಶಯದ ಹೆಂಗಸನ್ನು ನಾನು ಕಂಡಿಲ್ಲ. ಅವರಷ್ಟು ಸತ್ಯವಂತೆಯನ್ನೂ ಕಂಡಿಲ್ಲ. ಭಾನುವಾರ ಚರ್ಚಿನ ಪ್ರಸಂಗದಲ್ಲಿ ಉಪದೇಶಿಯಾದ ನಾನು ಹೇಳಿದ ವಚನವನ್ನು ಮನೆಗೆ ಹೋಗಿ ಬೈಬಲ್ ತೆರೆದು ತಾಳೆ ನೋಡುವರು. ತಪ್ಪಿದ್ದರೆ ಸೋಮವಾರ ಬೆಳಿಗ್ಗೆಯೇ ನನ್ನ ಬಾಗಿಲು ತಟ್ಟುವರು. ಆ ಸಂಶಯವು ಕರ್ತನು ನಮಗಿತ್ತ ಕಾವಲೆಂದೇ ನಾನು ನಂಬಿದ್ದೇನೆ. ಹರೆಯದಲ್ಲಿ ಅವರು ಊರಿನ ಬೇಸ್‌ಬಾಲ್ ತಂಡದ ಉಡುಪು ಒಗೆದು, ಹರಿದದ್ದನ್ನು ಹೊಲಿದುಕೊಡುತ್ತಿದ್ದರು. ಅದು ಕೆಳದರ್ಜೆಯ ಲೀಗಿನ ಬಡ ತಂಡ. ದೊಡ್ಡ ಲೀಗಿನ ಕನಸು ಹೊತ್ತ ಯುವಕರು ಒಂದೆರಡು ಬೇಸಿಗೆ ಆಡಿ ಹೋಗುತ್ತಿದ್ದರು.

೧೯೫೮ರಲ್ಲಿ ಹಾರ್ಡ್‌ವೇರ್ ಅಂಗಡಿಯ ಹಾರ್ಲನ್ ಡೀಟ್ಸ್ ತನ್ನ ಅಂಗಡಿಯೆದುರಿನ ಹಳೆಯ ಮೈದಾನದ ಬಳಿ ಕಂಚಿನ ಫಲಕ ನಿಲ್ಲಿಸಲು ಹೊರಟ. ದೊಡ್ಡ ಲೀಗಿನಲ್ಲಿ ಹೆಸರು ಮಾಡಿ ಗತಿಸಿದ ರಾಯಲ್ ಪ್ರೂಯಿಟ್, ೧೯೧೧ರಲ್ಲಿ ಮೊದಲು ಆಡಿದ್ದು ಇಲ್ಲಿಯೇ ಎಂದು ಅವನ ವಾದ. ಆ ತಂಡವನ್ನು ಬಲ್ಲವರಲ್ಲಿ ಉಳಿದವರು ಆಲ್ವೀನಾ ಒಬ್ಬರೇ. ಅವರ ಸಹಿಯಿಲ್ಲದೆ ಇತಿಹಾಸ ಸಂಘವು ಒಪ್ಪುವಂತಿರಲಿಲ್ಲ. ಹಾರ್ಲನ್ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದ.

"ಪ್ರೂಯಿಟ್ ಅನ್ನೋನು ಇಲ್ಲಿ ಆಡೇ ಇಲ್ಲ," ಎಂದರು ಆಲ್ವೀನಾ, ಕಾಫಿ ಬಗ್ಗಿಸುತ್ತಲೇ. "ಅಂಗಿ ಕಾಲರ್ ಒಳಗೆ ಒಬ್ಬೊಬ್ಬರ ಹೆಸರು ಬರ್ದೋಳು ನಾನು. ಯಾರನ್ನ ಮಂಗ ಮಾಡ್ತೀಯಪ್ಪಾ?"

"ಈ ಕಾಗದಕ್ಕೆ ಬರೀ ಒಂದು ಸಹಿ ಅಮ್ಮಾ..."

"ಹೆದ್ದಾರಿ ಕಾರುಗಳು ನಿನ್ನ ಅಂಗಡಿ ಮುಂದೆ ನಿಲ್ಲಲಿ ಅಂತ ನಾನು ಸುಳ್ಳು ಹೇಳ್ಬೇಕಾ? ಉಪದೇಶಿಗಳೇ, ಸುಳ್ಳು ಸಾಕ್ಷಿ ಹೇಳ್ಬೇಡಿ ಅಂತ ಹೋದ ವಾರ ಕೂಗಾಡಿದ್ದು ನೀವೇ ಅಲ್ವಾ?"

ನಾನು ತಲೆ ತಗ್ಗಿಸಿದೆ. ಹಾರ್ಲನ್ ಮೇಲೆ ನನಗೂ ಅದೇ ಗುಮಾನಿಯಿತ್ತು.

ಅವನು ಪ್ರೂಯಿಟ್‌ನ ಮಗಳು ಕಳುಹಿಸಿದ್ದ ಫೋಟೋ ತೆಗೆದ. ಆಲ್ವೀನಾ ಮೊದಲು ಅದರ ಬೆನ್ನನ್ನು ಪರೀಕ್ಷಿಸಿದರು. ತಿರುಗಿಸಿದರೆ, ಆಟಗಾರನ ಮುಖ ಟೋಪಿಯ ನೆರಳಿನಲ್ಲಿತ್ತು. ಅವರ ಬೆರಳು ತೊಡೆಯ ಬಳಿ ಬಂದು ನಿಂತಿತು.

"ಈ ತೇಪೆ ನಂದು! ಓಡಿ ಬಂದು ಬೇಸ್ ಮುಟ್ಟೋಕೆ ಜಾರಿ ಜಾರಿ ಎಡತೊಡೆ ಹತ್ರ ಪ್ಯಾಂಟ್ ಹರ್ಕೊಳ್ತಿದ್ದ. ಬೂದು ದಾರ ಮುಗ್ದಿತ್ತು, ಕರೀದ್ರಲ್ಲಿ ಹೊಲ್ದೆ. ಆದ್ರೆ ಇವನು ಜೋ ಬೆಲ್!"

"ಅವನೇ ಪ್ರೂಯಿಟ್ ಅಂತ ಮಗಳು ಬರ್ದಿದ್ದಾಳೆ. ಆಗ ಕಾಲೇಜು ಹುಡುಗ ಅಮ್ಮಾ. ದುಡ್ಡಿಗೆ ಆಡಿದ್ದು ತಿಳಿದ್ರೆ ಕಾಲೇಜ್ ತಂಡದಿಂದ ತೆಗೀತಿದ್ರು. ಅದಕ್ಕೇ ಬೇರೆ ಹೆಸರಲ್ಲಿ ಆಡ್ದ."

"ಇಡೀ ಬೇಸಿಗೆ ನನ್ನ ಹತ್ರ ಸುಳ್ಳು! ನಾನು ಮಾಡಿದ ಸೇಬಿನ ಪೈ ಬೇರೆ ತಿಂದ್ಕೊಂಡು!"

ಕೆಲಸ ಕೆಟ್ಟಿತೆಂದೇ ನಾನು ಭಾವಿಸಿದೆ. ಅವರು ಫೋಟೋವನ್ನು ಮೇಜಿನ ಮೇಲಿಟ್ಟು ಆ ತೇಪೆಯನ್ನು ಮತ್ತೊಮ್ಮೆ ನೋಡಿದರು.

"ಇಲ್ಲಿ ಆಡಿದ್ದು ಜೋ ಬೆಲ್. ಆ ಹೆಸರೂ ಕೆತ್ತಿಸು. ಆಗ ಸಹಿ ಹಾಕ್ತೀನಿ."

"ಅಪ್ಪನ ಸುಳ್ಳು ಹೆಸರು ಕೆತ್ತಿದ್ರೆ ಅವನ ಮಗಳಿಗೆ ಬೇಜಾರಾಗುತ್ತೆ."

"ಹಾಗಾದ್ರೆ ಕಾಗದ ಮಡಚ್ಕೋ."

ಹಾರ್ಲನ್ ಪೆನ್ನು ತೆಗೆದು ಕಾಗದದಲ್ಲಿದ್ದ ಫಲಕದ ಬರಹಕ್ಕೆ ಆ ಹೆಸರನ್ನೂ ಸೇರಿಸಿದ. ಆಲ್ವೀನಾ ಮೂರು ಸಲ ಓದಿ ಸಹಿ ಮಾಡಿದರು.

ಅನಾವರಣದ ದಿನ, ಮೇಯರ್ ಭಾಷಣ ಇನ್ನೂ ನಡೆದಿರುವಾಗಲೇ, ಅವರು ಎದ್ದುಹೋಗಿ ಫಲಕಕ್ಕೆ ಹೊದಿಸಿದ್ದ ಬಟ್ಟೆಯ ಅಂಚೆತ್ತಿ ಇಣುಕಿದರು. ಎರಡು ಹೆಸರುಗಳೂ ಇದ್ದವು. ಆಮೇಲೆಯೇ ಅವರು ಚಪ್ಪಾಳೆ ತಟ್ಟಿದ್ದು.