ನಾಗರತ್ನನ ಕಡೆಯೋರು ಯಾರು?

ದೆವ್ವ, ಗಾಳಿ ಎಂದು ಮಾತು ಶುರುವಾದರೆ ಎದ್ದು ಕಾಫಿ ಕುಡಿಯಲು ಹೋಗುವ ಜಾಯಮಾನ ನನ್ನದು. ಜೀವಮಾನವಿಡೀ ಮಕ್ಕಳಿಗೆ ಇತಿಹಾಸ ಪಾಠ ಹೇಳಿದವನಿಗೆ ಸಾಕ್ಷಿ ಇಲ್ಲದ ಮಾತು ರುಚಿಸುವುದಿಲ್ಲ. ಅಂಥವನೇ ಈಗ ಸಾಕ್ಷಿ ಇಲ್ಲದ ಸಂಗತಿಯೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯೊಂದರ ಸಿಸ್ಟರುಗಳು ನನ್ನನ್ನು ಕರೆಸಿ, ತಮ್ಮ ಆಸ್ಪತ್ರೆಗಳ ಚರಿತ್ರೆ ಬರೆದುಕೊಡಿ ಎಂದರು. ನಿವೃತ್ತನಾಗಿ ಚಾಮರಾಜಪುರಂನ ಮನೆಯಲ್ಲಿ ಪೇಪರ್ ಓದಿ ಓದಿ ಬೇಸತ್ತಿದ್ದೆ, ಒಪ್ಪಿಕೊಂಡೆ. ಕನ್ನಡ ಬಾರದ ಮೂವರು ಸನ್ಯಾಸಿನಿಯರು ಬಾಡಿಗೆಯ ಹೆಂಚಿನ ಮನೆಯಲ್ಲಿ ಔಷಧಿ ಕೊಡುವುದರಿಂದ ಶುರುವಾದ ಕೆಲಸ ಅದು. ಆಮೇಲೆ ಸುತ್ತಲಿನ ಊರುಗಳಲ್ಲೂ ಒಂದೊಂದಾಗಿ ಆಸ್ಪತ್ರೆಗಳೆದ್ದವು. ಮತ ಕೆಡಿಸುತ್ತಾರೆಂದು ಮೊದಮೊದಲು ದೂರ ನಿಂತ ಹಳ್ಳಿಯವರು, ಒಂದೆರಡು ಕಷ್ಟದ ಹೆರಿಗೆ ಸಲೀಸಾಗಿ ಆದದ್ದೇ ತಡ, ಗಾಡಿ ಕಟ್ಟಿಕೊಂಡು ಬಂದರಂತೆ. ಹಣೆ ತುಂಬ ವಿಭೂತಿ ಬಳಿದ ಅಜ್ಜಿಯರು ಶಿಲುಬೆಯ ಕೆಳಗೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರಂತೆ.

ಆ ಆಸ್ಪತ್ರೆಗಳಲ್ಲೆಲ್ಲ ಒಂದು ಪದ್ಧತಿ ಇತ್ತು. ಮಗು ಹುಟ್ಟಿದರೆ ಸಿಸ್ಟರೇ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ವರಾಂಡಕ್ಕೆ ಬಂದು, ತಾಯಿಯ ಹೆಸರು ಹಿಡಿದು ಕೂಗುತ್ತಿದ್ದರು. “ಜಯಮ್ಮನ ಕಡೆಯೋರು ಯಾರು?” ಕೂಗಿದ ಕೂಡಲೇ ಬೆಂಚುಗಳಿಂದ ನಾಲ್ಕು ಜನ ಏಳುತ್ತಿದ್ದರು. ಅಪ್ಪನಾಗಲಿ, ಊರ ಗೌಡನಾಗಲಿ, ಅಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ. ಅವನು ಬರೀ ‘ಕಡೆಯೋನು.’

ಮೈಸೂರಿನ ಆಸ್ಪತ್ರೆಯ ಅಂಥ ಬೆಂಚಿನ ಮೇಲೆ ನಾನೂ ಒಮ್ಮೆ ಕೂತಿದ್ದೆ. ಒಳಗೆ ನನ್ನ ಹೆಂಡತಿ ನಾಗರತ್ನ ಇದ್ದಳು. ಬೇರೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೂಗಿದರು, ಸಕ್ಕರೆ ಹಂಚಿದರು. ನನ್ನನ್ನು ಕೂಗಲಿಲ್ಲ. ಸಿಸ್ಟರ್ ಲೂಸಿ ಎಂಬ ವಯಸ್ಸಾದವರು ಬರಿಗೈಯಲ್ಲಿ ಹೊರಗೆ ಬಂದು, ಸದ್ದಿಲ್ಲದೆ ನನ್ನ ಪಕ್ಕದಲ್ಲಿ ಕೂತರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿಹೋಯಿತು. ಮಗು ಉಸಿರಾಡಿರಲಿಲ್ಲ. ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಎಷ್ಟೋ ವರ್ಷ ಆ ಒಂದು ಕೂಗಿಗಾಗಿ ನನ್ನ ಕಿವಿ ಹಂಬಲಿಸಿದೆ. ಇದನ್ನು ಯಾರೆದುರೂ ಹೇಳಿಕೊಂಡವನಲ್ಲ.

ಚರಿತ್ರೆ ಬರೆಯುವಾಗ ಹಳೆಯ ಹೆರಿಗೆ ವಾರ್ಡನ್ನು ಕೆಡವುವವರಿದ್ದರು. ಅದಕ್ಕೆ ಮೊದಲು ಒಮ್ಮೆ ನೋಡಿಕೊಂಡು ಬರೋಣವೆಂದು ಒಂದು ಸಂಜೆ ಹೋದೆ. ವಾಚ್‌ಮನ್ ಗೇಟು ತೆಗೆದು, “ಬೇಗ ಬಂದ್ಬುಡಿ ಸಾರ್, ಒಳಗೆ ಲೈಟಿಲ್ಲ” ಎಂದು ಅಲ್ಲೇ ಕೂತ. ವಾರ್ಡಿನ ಬಾಗಿಲಿಗೆ ಬೀಗ ಜಡಿದಿತ್ತು. ವರಾಂಡದಲ್ಲಿ ಬೆಂಚುಗಳೂ ಇರಲಿಲ್ಲ, ಅವುಗಳ ಕಾಲು ಸವೆಸಿದ ಗುರುತು ಮಾತ್ರ ಕೆಂಪು ನೆಲದ ಮೇಲಿತ್ತು. ನಾನು ಕೂತಿದ್ದ ಜಾಗದಲ್ಲಿ ಹೋಗಿ ನಿಂತೆ. ದೀಪ ಹಚ್ಚುವ ಹೊತ್ತು.

“ನಾಗರತ್ನನ ಕಡೆಯೋರು ಯಾರು?”

ಬೆನ್ನ ಹಿಂದೆ, ಬೀಗ ಹಾಕಿದ ಬಾಗಿಲ ಕಡೆಯಿಂದ, ಸ್ಪಷ್ಟವಾಗಿ ಕೇಳಿಸಿತು. ಹೆಣ್ಣುದನಿ, ಅವಸರವಿಲ್ಲದ ದನಿ.

ನಾನು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಭಯದಿಂದಲ್ಲ. ಚಿಕ್ಕಂದಿನಲ್ಲಿ ನಮ್ಮಜ್ಜಿ ಹೇಳಿಕೊಟ್ಟದ್ದು ನಾಲಿಗೆಯನ್ನು ಹಿಡಿದುಕೊಂಡಿತ್ತು: “ಮುಚ್ಚಂಜೇಲಿ ಯಾರೇ ಕೂಗುದ್ರೂ ಮೂರು ಸಲ ಕೂಗೋಗಂಟ ಓಗೊಡ್‌ಬ್ಯಾಡ ಕಣ್ ಮಗ. ದೆವ್ವ ಮೂರ್ನೇ ಸಲ ಕೂಗಾಕಿಲ್ಲ.” ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ದೆವ್ವವೇ ಇಲ್ಲ ಎಂದು ವಾದಿಸಿಕೊಂಡು ಬಂದವನು ದೆವ್ವದ ಲೆಕ್ಕ ಹಿಡಿದು ನಿಂತಿದ್ದೆ.

ಎರಡನೇ ಸಲ ಕೂಗಿದರು. ಮೈಯೆಲ್ಲ ಕಿವಿಯಾಗಿ ಮೂರನೆಯದಕ್ಕೆ ಕಾದೆ. ಕೂಗಲಿಲ್ಲ. ಕತ್ತಲಾಗುವವರೆಗೆ ಕಾದೆ. ಕೊನೆಗೆ ನಾನೇ, “ನಾನು, ನಾನಿದ್ದೀನಿ” ಎಂದು ಕೂಗಿಕೊಂಡೆ. ನನ್ನ ದನಿಯೇ ವರಾಂಡದಲ್ಲಿ ಸುತ್ತಿ ಬಂತು. ವಾಚ್‌ಮನ್ ಓಡಿ ಬಂದ.

ಅವನಿಗೆ ನನ್ನ ಕೂಗು ಮಾತ್ರ ಕೇಳಿಸಿತ್ತು. ಹೊಸ ಕಟ್ಟಡದಿಂದ ಯಾರಾದರೂ ಕರೆದಿರಬಹುದೇ ಎಂದು ಮರುದಿನ ಹೋಗಿ ವಿಚಾರಿಸಿದೆ. ಅಲ್ಲೀಗ ಕೂಗುವ ಪದ್ಧತಿಯೇ ಇಲ್ಲ, ಗೋಡೆಯ ಮೇಲೆ ಟೋಕನ್ ನಂಬರು ಬರುತ್ತದೆ. ಸಿಸ್ಟರ್ ಲೂಸಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನಸ್ಸು ಬಯಸಿದ್ದನ್ನೇ ಕಿವಿ ಕೇಳಿತು ಎಂದು ನೀವು ಹೇಳಬಹುದು. ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಆದರೆ ನಾನು ಬಯಸಿದ್ದು ಒಂದು ಕೂಗನ್ನು. ಕೇಳಿಸಿದ್ದು ಎರಡು.

ಎಷ್ಟೋ ದಿನ ಮುಚ್ಚಿಟ್ಟುಕೊಂಡಿದ್ದು, ಒಂದು ಬೆಳಿಗ್ಗೆ ಸೊಪ್ಪು ಬಿಡಿಸುತ್ತಿದ್ದ ನಾಗರತ್ನನಿಗೆ ಹೇಳಿಬಿಟ್ಟೆ. ಯಾರ ದನಿ, ನಿಜವೇ, ಸುಳ್ಳೇ, ಅವಳು ಏನೂ ಕೇಳಲಿಲ್ಲ.

“ಓ ಅಂದ್ರಾ?” ಎಂದಳು.

“ಕೂಗ್ದಾಗ ಅನ್ಲಿಲ್ಲ ಕಣೇ. ಮೂರನೇ ಸಲ ಕೂಗ್ಲಿ ಅಂತ ನಿಂತಿದ್ದೆ.”

ಅವಳು ಸೊಪ್ಪಿನ ತಟ್ಟೆ ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: “ಮಗೂನ ಎತ್ಕೊಂಡು ಅವ್ರಾದ್ರೂ ಎಷ್ಟೊತ್ತು ನಿಂತಿರ್ತಾರ್ರೀ?”

ಚರಿತ್ರೆಯ ಪುಸ್ತಕ ಅಚ್ಚಾಯಿತು, ಅದರಲ್ಲಿ ಇದನ್ನು ಬರೆಯಲಿಲ್ಲ. ವಾರ್ಡಿದ್ದ ಜಾಗದಲ್ಲಿ ಈಗ ಸ್ಕೂಟರ್ ನಿಲ್ಲಿಸುತ್ತಾರೆ. ಶುಗರ್ ಟೆಸ್ಟಿಗೆ ಹೋದಾಗಲೆಲ್ಲ ನಾವಿಬ್ಬರೂ ಕೆಲಸ ಮುಗಿದರೂ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಈ ಸಲ ಮೊದಲ ಕೂಗಿಗೇ ಓ ಎನ್ನುತ್ತೇನೆ.