ಮೂರು ಹೆಸರಿನ ಗಂಡ

ನನ್ನ ತಮ್ಮನ ಹೆಂಡತಿಯನ್ನು ಊರೆಲ್ಲ ಇನಾಕ್ ಮಹ್ನಿ ಎಂದೇ ಕರೆಯುತ್ತದೆ. ಅಂದರೆ ಮಹ್ನಿಯ ಅವ್ವ. ಲೊಂಬೊಕ್ ದ್ವೀಪದ ನಮ್ಮ ಕಡೆ ಚೊಚ್ಚಲ ಕೂಸು ಹುಟ್ಟಿತೆಂದರೆ ಹೆತ್ತವರ ಹೆಸರು ಮೂಲೆಗೆ ಬೀಳುತ್ತದೆ. ನನ್ನ ತಮ್ಮ ಸಿನರೆಪ್ ಕೂಡ ಹಾಗೆಯೇ ಅಮಾಕ್ ಮಹ್ನಿ, ಅಂದರೆ ಮಹ್ನಿಯ ಅಪ್ಪನಾದ. ಆಮೇಲೆ ಮಲೇಷಿಯಾದ ತಾಳೆ ತೋಟಕ್ಕೆ ಹೊರಟಾಗ ದಲ್ಲಾಳಿ ಯಾರದೋ ಕಾಗದ ತಂದು ಅವನನ್ನು ಸಹರುದ್ದೀನ್ ಮಾಡಿದ. ಹೋಗಿ ಆರು ವರ್ಷ. ಕೊನೆಯ ನಾಲ್ಕು ವರ್ಷ ಒಂದು ಫೋನೂ ಇಲ್ಲ.

ಅವಳು ಅಳುತ್ತಾ ಕೂರುವ ಹೆಂಗಸಲ್ಲ. ಹೊಗೆಸೊಪ್ಪಿನ ಕಾಲದಲ್ಲಿ ಎಲೆ ಕಡ್ಡಿಗೆ ಕಟ್ಟುವುದರಲ್ಲಿ ಅವಳ ಕೈಯಷ್ಟು ಚುರುಕಾದ ಕೈ ಇನ್ನೊಂದಿಲ್ಲ. ಮಹ್ನಿಯನ್ನು ಓದಿಸಲು ತಾನೇ ತೈವಾನಿಗೆ ಮನೆಗೆಲಸಕ್ಕೆ ಹೋಗುತ್ತೇನೆಂದು ಕಾಗದ ಮಾಡಿಸಲು ಹೊರಟಳು. ಗಂಡನ ಸಹಿ ಬೇಕಂತೆ.

ಊರ ಕಚೇರಿಗೆ ನಾನೂ ಜೊತೆಗೆ ಹೋದೆ. ಗುಮಾಸ್ತ ಜುನೈದಿ ಪುಸ್ತಕವೊಂದನ್ನು ತೆರೆದ. ಹೋದ ವರ್ಷ ಪೇಟೆಯ ವಿಶ್ವವಿದ್ಯಾಲಯದಿಂದ ರೆತ್ನೊ ಎಂಬ ಮೇಡಂ ಬಂದು, ಹೊರದೇಶಕ್ಕೆ ದುಡಿಯಲು ಹೋದವರ ಮನೆಗಳ ಲೆಕ್ಕ ಬರೆದುಕೊಂಡಿದ್ದರು. ಅದೇ ವರದಿ.

"ನಿಮ್ಮ ಮನೆಯಿಂದ ಮೂರು ಗಂಡಸರು ಹೋಗವ್ರೆ. ಅಷ್ಟು ಜನ ಹೋದ ಮನೆಯಿಂದ ತಾಯಿನೂ ಕಳಿಸ್ಬೇಡಿ ಅಂತ ಜಿಲ್ಲೆಯಿಂದ ಹೊಸ ಆದೇಶ ಬಂದೈತೆ."

"ಮೂರು ಜನ ಯಾರಯ್ಯಾ?" ಎಂದೆ.

"ಅಮಾಕ್ ಮಹ್ನಿ, ಸಿನರೆಪ್, ಸಹರುದ್ದೀನ್."

ನನ್ನ ನೆತ್ತಿ ಕಾಯಿತು. ಮೇಡಂ ಕೇಳಿದಾಗ ಇವಳು ಒಂದು ಹೆಸರು ಹೇಳಿದ್ದಳು, ನಮ್ಮವ್ವ ಇನ್ನೊಂದು. ಪೆಟ್ಟಿಗೆಯಲ್ಲಿದ್ದ ಪಾಸ್‌ಪೋರ್ಟ್ ನಕಲಿನಲ್ಲಿ ಮತ್ತೊಂದು ಸಿಕ್ಕಿತ್ತು.

"ಒಬ್ಬನೇ ಕಣೋ ಅವನು! ಅವನೂ ನೆಟ್ಟಗಿಲ್ಲ!"

"ಕೂಗಬೇಡಣ್ಣ. ಅಚ್ಚಾಗಿರೋದನ್ನ ನಾನು ತಿದ್ದಕ್ಕಾಗಲ್ಲ."

ಮೇಡಂಗೆ ಫೋನು ಮಾಡಿಸಿದೆ. ಪಾಪ, ಆಕೆ ಕ್ಷಮೆ ಕೇಳಿದರು. ಆದರೆ ಆ ಅಧ್ಯಯನ ಸಾವಿರಾರು ಮನೆಗಳ ಸರಾಸರಿಯಂತೆ, ಒಂದು ಮನೆ ತಪ್ಪಿದರೆ ಫಲಿತಾಂಶ ಅಲುಗುವುದಿಲ್ಲವಂತೆ. ಸರಾಸರಿಯ ಮನೆಯಲ್ಲಿ ಯಾರು ವಾಸಿಸುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ.

ತಿದ್ದುಪಡಿ ಪತ್ರ ಕಳಿಸುತ್ತೇನೆ ಎಂದರು, ಕಳಿಸಿದರು. ಮೂವರು ಹೋಗಿ ಒಬ್ಬನಾದ. ಆ ಒಬ್ಬನ ಸಹಿಯ ತೊಡಕು ಮಾತ್ರ ಹಾಗೇ ಉಳಿಯಿತು. ಇನ್ನು ಒಂದೇ ದಾರಿ ಎಂದ ಜುನೈದಿ: ಧರ್ಮ ನ್ಯಾಯಾಲಯದಲ್ಲಿ ಗಂಡನಿಂದ ಬಿಡುಗಡೆ ಪಡೆದರೆ ಸಹಿಯೇ ಬೇಡ.

ಅಲ್ಲಿಗೂ ಕರೆದುಕೊಂಡು ಹೋದೆ. ಕಾಗದ ಬರೆಯುವಾತ ಗಂಡನ ಹೆಸರು ಕೇಳಿದ. ಅವಳು ನನ್ನ ಮುಖ ನೋಡಿದಳು.

"ಸಿನರೆಪ್ ಅನ್ನಮ್ಮಾ! ಅದಕ್ಕೂ ಯೋಚನೆನಾ?"

"ಸಿನರೆಪ್ ಜೊತೆ ಬಾಳಿದ್ದು ಒಂದೇ ವರ್ಷ ಭಾವ. ಆಮೇಲೆಲ್ಲ ಮಹ್ನಿ ಅಪ್ಪನ ಜೊತೆ. ಬಿಟ್ಟುಹೋದೋನು ಸಹರುದ್ದೀನ್. ಯಾರನ್ನ ಬಿಡ್ಲಿ ನಾನು?"

ಬರೆಯುವಾತ ಪೆನ್ನು ಕೆಳಗಿಟ್ಟ. ಸಿನರೆಪ್ ನನ್ನ ಬೆನ್ನ ಮೇಲೆ ಬೆಳೆದ ತಮ್ಮ. ಅವನು ಸತ್ತಿದ್ದಾನೋ, ಅಲ್ಲೇ ಇನ್ನೊಂದು ಕೂಸಿನ ಹೆಸರಲ್ಲಿ ಅಪ್ಪನಾಗಿದ್ದಾನೋ ಯಾರಿಗೆ ಗೊತ್ತು?

ಕೊನೆಗೆ ಮದುವೆ ಕಾಗದದಲ್ಲಿದ್ದಂತೆ ಸಿನರೆಪ್ ಎಂದೇ ಬರೆಸಿದಳು. ಮುಂದಿನ ತಿಂಗಳು ವಿಚಾರಣೆ. ಅವನು ಬಂದಿಲ್ಲ, ಏನೂ ಕಳಿಸಿಲ್ಲ ಎಂದು ಇಬ್ಬರು ಸಾಕ್ಷಿ ಹೇಳಬೇಕು. ಅವರಲ್ಲಿ ನಾನೊಬ್ಬ.

ವ್ಯಾನಿನಲ್ಲಿ ಮರಳುವಾಗ ಅವಳು, "ಬಂದಿಲ್ಲ ಅಂತ ಹೇಳಿ ಭಾವ," ಎಂದಳು. ಎರಡು ಊರು ದಾಟಿದ ಮೇಲೆ ಮತ್ತೆ ಬಾಯಿ ಬಿಟ್ಟಳು.

"ಜೋರಾಗಿ ಹೇಳ್ಬೇಡಿ."